ಚರ್ಮದ ಎಳೆ ಬಿಡಿಸಿದ ವಿಜ್ಞಾನಿ ಜಿ.ಎನ್. ರಾಮಚಂದ್ರನ್

ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಭಾಗದ ಕುಶಲಕರ್ಮಿಗಳು ಕೈಯಿಂದ ಹೊಲಿಯುವ ಕೊಲ್ಹಾಪುರಿ ಚಪ್ಪಲಿಯ ಬಾಳಿಕೆಯ ಗುಟ್ಟು ಚರ್ಮದಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿನಲ್ಲಿದೆ. ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡಿರುವ ಅದರ ರಚನೆಯನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮೊದಲಿಗರು ಜಿ.ಎನ್. ರಾಮಚಂದ್ರನ್.

1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಗಣಿತ ಪ್ರಾಧ್ಯಾಪಕರ ಮಗನಾಗಿ ಜನಿಸಿದ ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲು. ಸಿ.ವಿ. ರಾಮನ್ ಅವರ ಪ್ರಭಾವದಿಂದ ಭೌತವಿಜ್ಞಾನಕ್ಕೆ ಹೊರಳಿದರು. ಕೇಂಬ್ರಿಡ್ಜ್‌ನಲ್ಲಿ ಪಿಎಚ್.ಡಿ. ಪಡೆದು ಮರಳಿದ ಅವರು 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ಕೊಲಾಜನ್ ನಾರಿನ ಮೂಲಕ ಹಾಯಿಸಿದ ಎಕ್ಸ್-ಕಿರಣಗಳು ಫಿಲ್ಮಿನ ಮೇಲೆ ಮೂಡಿಸುತ್ತಿದ್ದುದು ಕೆಲವೇ ಮಸುಕು ಗುರುತುಗಳನ್ನು. ಅಷ್ಟನ್ನೇ ಆಧರಿಸಿ ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954-55ರಲ್ಲಿ ಮೂರೆಳೆಯ ಮಾದರಿಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಆ ಮಾದರಿಯಲ್ಲಿ ಕೆಲವು ಪರಮಾಣುಗಳು ಸಲ್ಲದಷ್ಟು ಹತ್ತಿರವಿವೆ ಎಂದು ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಆಕ್ಷೇಪಿಸಿದರು. ಎಳೆಗಳನ್ನು ಬೆಸೆಯುವ ಹೈಡ್ರೋಜನ್ ಬಂಧಗಳ ಲೆಕ್ಕ ಮುಂದೆ ತಿದ್ದುಪಡಿಯಾಯಿತು. ಮೂರೆಳೆಯ ಮೂಲ ಕಲ್ಪನೆ ಉಳಿಯಿತು.

ರಾಮಚಂದ್ರನ್ ಆ ಆಕ್ಷೇಪವನ್ನೇ ಸಂಶೋಧನೆಯ ಪ್ರಶ್ನೆಯಾಗಿಸಿಕೊಂಡರು. ಪರಮಾಣುಗಳು ಎಷ್ಟು ಹತ್ತಿರ ಬರಬಲ್ಲವು ಎಂಬುದನ್ನು ಅದುವರೆಗೆ ತಿಳಿದಿದ್ದ ಹರಳುಗಳ ರಚನೆಗಳಿಂದ ಲೆಕ್ಕ ಹಾಕಿದರು. 1963ರಲ್ಲಿ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರೊಂದಿಗೆ ಪ್ರಕಟಿಸಿದ ನಕಾಶೆ, ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ತಿರುಗಲಾರದು ಎಂಬುದನ್ನು ಒಂದೇ ಚೌಕದಲ್ಲಿ ಗುರುತಿಸಿತು. ಅದೇ ‘ರಾಮಚಂದ್ರನ್ ನಕ್ಷೆ’.

1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನ ಘಟಕವನ್ನು ಕಟ್ಟಿದರು. 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ ರೂಪಿಸಿದ ಗಣಿತ ವಿಧಾನ ಸಿ.ಟಿ. ಸ್ಕ್ಯಾನ್ ಚಿತ್ರಗಳ ರಚನೆಗೆ ನೆರವಾಯಿತು. 1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ರಾಯಲ್ ಸೊಸೈಟಿ ಸದಸ್ಯತ್ವ, 1999ರಲ್ಲಿ ಎವಾಲ್ಡ್ ಬಹುಮಾನ ಸಂದವು. ನೊಬೆಲ್ ಮಾತ್ರ ಬರಲಿಲ್ಲ. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ಅವರ ನಕ್ಷೆಯ ಬೆಲೆ ತಿಳಿಯುವುದು ಎಕ್ಸ್-ಕಿರಣಗಳ ದತ್ತಾಂಶ ಮಸುಕಾಗಿದ್ದಾಗ. ಸ್ಪಷ್ಟತೆ 3 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆಯಿದ್ದರೆ ಪರಮಾಣುಗಳು ಬಿಡಿಬಿಡಿಯಾಗಿ ಕಾಣವು. ವಿಜ್ಞಾನಿ ಮಾದರಿಯನ್ನು ಹಂತಹಂತವಾಗಿ ತಿದ್ದುತ್ತಾ ಹೋಗಬೇಕು. ಸರಪಳಿ ಎಲ್ಲಿ ದಾರಿ ತಪ್ಪಿರಬಹುದು ಎಂದು ನಕ್ಷೆ ಎಚ್ಚರಿಸುತ್ತದೆ. ಆದರೆ ನಕ್ಷೆಗೆ ಹೊಂದಲೆಂದೇ ಮಾದರಿಯನ್ನು ಬಗ್ಗಿಸಿದರೆ, ಪರೀಕ್ಷಕನೇ ಉತ್ತರ ಬರೆದುಕೊಟ್ಟಂತಾಗುತ್ತದೆ. ಅಂತರರಾಷ್ಟ್ರೀಯ ಪ್ರೋಟೀನ್ ದತ್ತಕೋಶಕ್ಕೆ ಸಲ್ಲಿಕೆಯಾಗುವ ಪ್ರೋಟೀನ್ ರಚನೆಗಳು ಇಂದಿಗೂ ಈ ಪರೀಕ್ಷೆಗೆ ಒಳಗಾಗುತ್ತವೆ. ತಮ್ಮ ಮಾದರಿಯ ಮೇಲೆ ಬಂದ ಆಕ್ಷೇಪದಿಂದ ರಾಮಚಂದ್ರನ್ ರೂಪಿಸಿದ ಒರೆಗಲ್ಲು ಅದು.