ಕಾರವಾರದ ಜಡ್ಜರ ಮನೆಯೊಡತಿ: ಶ್ರೀಮತಿ ಜ್ಞಾನದಾನಂದಿನೀದೇವಿ

ಸರಕಾರದ ಗೆಜೆಟ್ಟಿನಲ್ಲಿ ಅಧಿಕಾರಿಯೊಬ್ಬರ ವರ್ಗದ ಹುಕುಮು ಪ್ರಕಟವಾಗುವಾಗ ಅದರಲ್ಲಿ ಇರುವದು ಒಂದೇ ಹೆಸರು. ಆದರೆ ಆ ಹೆಸರಿನ ಹಿಂದೆ ಒಂದು ಸಂಸಾರವೇ ಗಂಟುಮೂಟೆ ಕಟ್ಟಬೇಕಾಗುವದು. ಹೊಸ ಊರಿನಲ್ಲಿ ಅಧಿಕಾರಿಗೆ ಕಚೇರಿ, ಕುರ್ಚಿ, ಕಾರಕೂನರು ಎಲ್ಲವೂ ಸಿದ್ಧವಾಗಿರುತ್ತವೆ. ಮನೆಯೊಡತಿಗೆ ಕಾದಿರುವದು ಬರಿದಾದ ಅಡಿಗೆಮನೆ, ತಿಳಿಯದ ಭಾಷೆ, ಗುರುತಿಲ್ಲದ ನೆರೆಹೊರೆ. ಹಾಲು ಎಲ್ಲಿ ದೊರೆಯುವದು, ಜ್ವರ ಬಂದ ಕೂಸನ್ನು ಯಾರಿಗೆ ತೋರಿಸಬೇಕು, ಮಗನನ್ನು ಯಾವ ಶಾಲೆಗೆ ಹಾಕಬೇಕು ಎಂಬ ಪ್ರಶ್ನೆಗಳಿಗೆ ಯಾವ ಹುಕುಮಿನಲ್ಲಿಯೂ ಉತ್ತರವಿಲ್ಲ. ಈ ಪ್ರಶ್ನೆಗಳನ್ನು ಆಯುಷ್ಯದ ಬಹುಭಾಗ ಎದುರಿಸಿ, ಅವುಗಳಿಂದಲೇ ದೇಶದ ಸ್ತ್ರೀಸಮಾಜಕ್ಕೆ ಉಪಕಾರವಾಗುವಂಥ ಫಲವನ್ನು ತೆಗೆದ ಒಬ್ಬ ಮಹಿಳೆಯ ಚರಿತ್ರೆಯನ್ನು ಇಂದು ವಾಚಕರ ಮುಂದೆ ಇಡುತ್ತೇವೆ.

ಕಾರವಾರದ ಕಡಲದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿದೆ. 1883ರಲ್ಲಿ ಕವಿಗಳು ಅಲ್ಲಿಗೆ ಬಂದಿದ್ದರೆಂಬದನ್ನು ಜಿಲ್ಲೆಯ ಶಾಲೆಯ ಹುಡುಗರೂ ಬಲ್ಲರು. ಆದರೆ ಇಪ್ಪತ್ತೆರಡು ವರ್ಷದ ಆ ತರುಣನು ಉಂಡು ಮಲಗಿದ್ದು ಯಾರ ಮನೆಯಲ್ಲಿ ಎಂದು ಕೇಳುವವರು ವಿರಳ. ಅದು ಅವರ ಎರಡನೆಯ ಅಣ್ಣಂದಿರಾದ ಶ್ರೀ ಸತ್ಯೇಂದ್ರನಾಥ ಠಾಕೂರರ ಮನೆ. ಸತ್ಯೇಂದ್ರನಾಥರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಗೆದ್ದ ಮೊದಲನೆಯ ಭಾರತೀಯರು. ಆಗ ಕಾರವಾರದಲ್ಲಿ ಜಡ್ಜರಾಗಿದ್ದರು. ಆ ಮನೆಯನ್ನು ಮನೆಯನ್ನಾಗಿ ಮಾಡಿದವರು ಅವರ ಪತ್ನಿ ಜ್ಞಾನದಾನಂದಿನೀದೇವಿಯವರು.

ದೇವಿಯವರು 1850ರಲ್ಲಿ ಬಂಗಾಲದ ಜೆಸೋರ ಸೀಮೆಯ ನರೇಂದ್ರಪುರದಲ್ಲಿ ಜನಿಸಿದರು. ಅಂದಿನ ರೂಢಿಗನುಸಾರ ಬಾಲ್ಯದಲ್ಲಿಯೇ, 1859ರಲ್ಲಿ, ಅವರ ವಿವಾಹವಾಯಿತು. ಕಲಕತ್ತೆಯ ಜೋಡಾಸಾಂಕೊದ ದೊಡ್ಡ ಮನೆಯ ಅಂತಃಪುರವನ್ನು ಅವರು ಸೇರಿದರು. ಹಳ್ಳಿಯ ಹುಡುಗಿಗೆ ಇದೇ ಮೊದಲನೆಯ ಸ್ಥಳಾಂತರ. ಮಹರ್ಷಿ ದೇವೇಂದ್ರನಾಥರ ಮನೆಯು ಧರ್ಮವಿಚಾರದಲ್ಲಿ ಎಷ್ಟು ಮುಂದುವರಿದಿತ್ತೋ ಸ್ತ್ರೀಯರ ಓಡಾಟದ ವಿಚಾರದಲ್ಲಿ ಅಷ್ಟು ಮುಂದುವರಿದಿರಲಿಲ್ಲ. ಸತ್ಯೇಂದ್ರನಾಥರು 1862ರಲ್ಲಿ ವಿಲಾಯತಿಗೆ ಹೋದ ಮೇಲೆ ಪತ್ನಿಯನ್ನೂ ಅಲ್ಲಿಗೆ ಕರೆಯಿಸಿಕೊಳ್ಳಬೇಕೆಂದು ಅಪೇಕ್ಷಿಸಿದರು, ತಂದೆಯವರು ಒಪ್ಪಲಿಲ್ಲ. ಆದರೆ ವಿದ್ಯೆಗೆ ಅಡ್ಡಿಯಾಗಲಿಲ್ಲ. ಮೈದುನರಾದ ಹೇಮೇಂದ್ರನಾಥರ ಮುಂದೆ ಮುಸುಕು ಹಾಕಿಕೊಂಡೇ ಕುಳಿತು ದೇವಿಯವರು ಪಾಠ ಕಲಿತರು.

1864ರಲ್ಲಿ ಸತ್ಯೇಂದ್ರನಾಥರು ಹಿಂದಿರುಗಿದರು. ಅವರಿಗೆ ಮುಂಬಯಿ ಇಲಾಖೆಯಲ್ಲಿ ಕೆಲಸ ದೊರೆತಿತ್ತು. ಹೆಂಡತಿಯನ್ನು ಜೊತೆಗೆ ಒಯ್ಯುವದಕ್ಕೆ ಈ ಸಲ ಹಿರಿಯರ ಅನುಮತಿ ಸಿಕ್ಕಿತು. ಆದರೆ ಕುಲವಧುವು ಹೊರಗಿನ ಕಚೇರಿಯ ನಡುವೆ ನಡೆದುಹೋಗಿ ಗಾಡಿ ಹತ್ತುವದಕ್ಕೆ ಸಿಕ್ಕಲಿಲ್ಲ. ಮುಚ್ಚಿದ ಪಾಲಕಿಯಲ್ಲಿ ಅವರನ್ನು ಹಡಗಿನವರೆಗೆ ಮುಟ್ಟಿಸಲಾಯಿತು. ಮನೆಯೊಳಗೆ ಒಂದೇ ಸೀರೆ ಸುತ್ತಿಕೊಂಡು ಇರುತ್ತಿದ್ದ ಬಂಗಾಲದ ಸ್ತ್ರೀಯರಿಗೆ ಹೊರಗೆ ಹೋಗಲು ಯೋಗ್ಯವಾದ ಉಡುಪೇ ಆಗ ಇರಲಿಲ್ಲ. ಫ್ರೆಂಚರ ಅಂಗಡಿಯೊಂದರಲ್ಲಿ ಹೊಲಿಸಿದ ಪೋಷಾಕು ಎಷ್ಟು ತೊಡಕಿನದಾಗಿತ್ತೆಂದರೆ ಅದನ್ನು ಒಬ್ಬರೇ ತೊಡುವದು ಅಸಾಧ್ಯವಾಗಿತ್ತು. ಹದಿನಾಲ್ಕು ವರ್ಷದ ಹುಡುಗಿಯು ಈ ವೇಷದಲ್ಲಿ ಸಮುದ್ರಯಾನ ಮಾಡಿ ಮುಂಬಯಿಯಲ್ಲಿ ಇಳಿದಳು.

ಮುಂಬಯಿಯಲ್ಲಿ ಅವರಿಗೆ ಆಶ್ರಯವಿತ್ತದ್ದು ಪಾರಸೀ ಸಮಾಜದ ಹಿರಿಯರಾದ ಮಾಣಿಕಜಿ ಕರ್ಸೆಟಜಿಯವರ ಮನೆ. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಶ್ರಮಿಸಿದ ಆ ಮಹನೀಯರ ಪುತ್ರಿಯರ ಸಹವಾಸದಲ್ಲಿ ದೇವಿಯವರು ಹೊರಗಿನ ಲೋಕದ ರೀತಿ ರಿವಾಜುಗಳನ್ನು ಅರಿತರು. ಪಾರಸೀ ಸ್ತ್ರೀಯರು ಸೀರೆಯುಡುವ ಕ್ರಮವನ್ನು ನೋಡಿ, ಸೆರಗನ್ನು ಎಡಹೆಗಲಿಗೆ ತಂದು, ಒಳಗೆ ಕುಪ್ಪಸ ಲಂಗಗಳನ್ನು ಸೇರಿಸಿ, ಬಲಗೈಗೆ ಬಿಡುವು ಕೊಡುವ ಹೊಸ ಬಗೆಯನ್ನು ರೂಢಿಗೆ ತಂದರು. ಕಲಕತ್ತೆಗೆ ಹಿಂದಿರುಗಿದಾಗ ಇದನ್ನು ಇತರ ಸ್ತ್ರೀಯರಿಗೂ ಕಲಿಸಿದರು. ಇಂದು ಭಾರತದ ಅಸಂಖ್ಯ ಸ್ತ್ರೀಯರು ಸೆರಗನ್ನು ಎಡಹೆಗಲಿಗೆ ಹಾಕುವಾಗ ಅದರ ಪ್ರಚಾರಕ್ಕೆ ಕಾರಣರಾದವರಲ್ಲಿ ಪರಊರಿಗೆ ಬಂದು ಉಡಲು ಉಡುಪಿಲ್ಲದೆ ಸಂಕಟಪಟ್ಟ ಒಬ್ಬ ಹುಡುಗಿಯು ಮುಖ್ಯಳೆಂಬದನ್ನು ನೆನೆಯುವವರು ಎಷ್ಟು ಜನ?

1866ರಲ್ಲಿ ಅವರು ಕಲಕತ್ತೆಯ ಗವರ್ನಮೆಂಟ್ ಹೌಸಿನಲ್ಲಿ ವಾಯಿಸರಾಯರ ಸಮಾರಂಭಕ್ಕೆ ಹೋದರು. ಠಾಕೂರ ಮನೆತನದ ಸೊಸೆಯನ್ನು ತುಂಬಿದ ಸಭೆಯಲ್ಲಿ ಕಂಡು, ಅದೇ ಮನೆತನದ ಇನ್ನೊಂದು ಶಾಖೆಯ ಹಿರಿಯರಾದ ಪ್ರಸನ್ನಕುಮಾರ ಠಾಕೂರರು ಲಜ್ಜೆಯಿಂದ ಎದ್ದು ಹೋದರು. ದೇವಿಯವರು ಮಾತ್ರ ತಮ್ಮ ದಾರಿ ಬಿಡಲಿಲ್ಲ.

ಮುಂದೆ ಅಹಮದಾಬಾದ ಮೊದಲ್ಗೊಂಡು ವರ್ಗದ ಸರಣಿಯೇ ನಡೆಯಿತು. 1872ರಲ್ಲಿ ಮಗ ಸುರೇಂದ್ರನಾಥರೂ, 1873ರ ದಶಂಬರದಲ್ಲಿ ನಮ್ಮ ವಿಜಾಪುರ ಸೀಮೆಯಲ್ಲಿಯೇ ಮಗಳು ಇಂದಿರಾದೇವಿಯವರೂ ಹುಟ್ಟಿದರು. ಆಮೇಲೆ ಕವೀಂದ್ರನಾಥನೆಂಬ ಮತ್ತೊಂದು ಗಂಡು ಕೂಸು. ಈ ಮೂರು ಮಕ್ಕಳನ್ನು ಕಟ್ಟಿಕೊಂಡು, ಮತ್ತೆ ಗರ್ಭಿಣಿಯಾಗಿ, ಪತಿಯು ಜೊತೆಗಿಲ್ಲದೆ, 1877ರಲ್ಲಿ ಅವರು ವಿಲಾಯತಿಗೆ ಹೊರಟರು. ಆ ಕಾಲದಲ್ಲಿ ಕುಲೀನ ಹಿಂದೂ ಸ್ತ್ರೀಯೊಬ್ಬಳು ಇಂಥ ಪ್ರವಾಸ ಕೈಕೊಳ್ಳುವದೆಂದರೆ ಎಷ್ಟರ ಸಾಹಸವೆಂಬದನ್ನು ವಾಚಕರೇ ಊಹಿಸಬೇಕು. ಲಂಡನದಲ್ಲಿ ಅವರನ್ನು ಎದುರುಗೊಂಡವರು ಜ್ಞಾನೇಂದ್ರಮೋಹನ ಠಾಕೂರರು. ಕ್ರೈಸ್ತಮತವನ್ನು ಸ್ವೀಕರಿಸಿದ್ದಕ್ಕಾಗಿ ಆಸ್ತಿಯನ್ನು ಕಳೆದುಕೊಂಡವರು. ಅಂದು ಸಭೆಯಿಂದ ಎದ್ದು ಹೋದ ಪ್ರಸನ್ನಕುಮಾರರ ಪುತ್ರರೇ ಇವರು! ತಂದೆಯು ಕಂಡು ನಾಚಿದ ಸೊಸೆಗೆ ಪರದೇಶದಲ್ಲಿ ಮಗನು ಆಸರೆಯಾದನು.

ಲಂಡನದಿಂದ ಸಂಸಾರವು ಸಮುದ್ರತೀರದ ಬ್ರಾಯಟನ್ನಿಗೆ ಹೋಯಿತು. ಅಲ್ಲಿಯ ದಿನಗಳು ಸುಖದವಾಗಿರಲಿಲ್ಲ. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ; ಎಳೆಯ ಕವೀಂದ್ರನೂ ಅಲ್ಲಿಯೇ ತೀರಿಕೊಂಡನು. ತಾಯಿತಂದೆ, ಅತ್ತೆಮಾವ, ಗಂಡ ಯಾರೂ ಹತ್ತಿರವಿಲ್ಲದ ನಾಡಿನಲ್ಲಿ ಈ ದುಃಖವನ್ನು ನುಂಗಿಕೊಂಡು ಉಳಿದ ಇಬ್ಬರ ಕೈ ಹಿಡಿದು ಆ ತಾಯಿಯು ದಿನ ನೂಕಿದಳು. ಠಾಕೂರ ಮನೆತನವು ಶ್ರೀಮಂತವಾದದ್ದು, ಸಿವಿಲಿಯನ್ನರ ಸಂಬಳ ದೊಡ್ಡದು, ಅವರಿಗೆ ಕಷ್ಟವೆಲ್ಲಿಯದು ಎನ್ನುವವರು ಈ ಪ್ರಸಂಗವನ್ನು ಮರೆಯಬಾರದು. ಹಣವು ಹಡಗಿನ ಟಿಕೀಟನ್ನು ಕೊಡಿಸೀತು. ಎಡರಿನ ಹೊತ್ತಿಗೆ ಮಗ್ಗುಲಲ್ಲಿ ಕುಳಿತುಕೊಳ್ಳುವ ಒಬ್ಬ ಅಕ್ಕನನ್ನು ಕೊಡಿಸಲಾರದು.

1878ರಲ್ಲಿ ಸತ್ಯೇಂದ್ರನಾಥರು ರಜೆ ಪಡೆದು, ಹದಿನೇಳು ವರ್ಷದ ತಮ್ಮ ರವೀಂದ್ರನನ್ನೂ ಕರೆದುಕೊಂಡು ಇಂಗ್ಲಂಡಕ್ಕೆ ಬಂದರು. ಮನೆ ಬಿಟ್ಟು ಬಂದ ಆ ಹುಡುಗನಿಗೆ ಅತ್ತಿಗೆಯ ಮನೆಯೇ ನೆಲೆಯಾಯಿತು. ಸುರೇಂದ್ರ ಇಂದಿರೆಯರು ಆಟದ ಗೆಳೆಯರಾದರು. ಮುಂದೆ ಕವಿಗಳು ಇದೇ ಇಂದಿರಾದೇವಿಗೆ ಬರೆದ ಪತ್ರಗಳೇ ಬಂಗಾಲಿ ಸಾಹಿತ್ಯದ ಅಮೂಲ್ಯ ಗ್ರಂಥವಾದವೆಂಬದನ್ನು ಬಲ್ಲವರಿಗೆ ಈ ಬಾಲ್ಯಸ್ನೇಹದ ಬೆಲೆಯನ್ನು ಹೇಳಬೇಕಾದದ್ದಿಲ್ಲ. 1880ರಲ್ಲಿ ಎಲ್ಲರೂ ಸ್ವದೇಶಕ್ಕೆ ಮರಳಿದರು.

ಇನ್ನು ಕಾರವಾರ. ಉತ್ತರ ಕಾನಡಾ ಜಿಲ್ಲೆಯು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿದ ಮೇಲೆ ಈ ಬಂದರವು ಜಿಲ್ಲೆಯ ಮುಖ್ಯಸ್ಥಳವಾಗಿ ಬೆಳೆಯತೊಡಗಿತ್ತು. 1883ರಲ್ಲಿ ಹುಬ್ಬಳ್ಳಿಗೆ ಇನ್ನೂ ರೇಲ್ವೆ ಬಂದಿರಲಿಲ್ಲ. ಮುಂಬಯಿಯಿಂದ ಬರುವವರಿಗೆ ಉಗಿಹಡಗೇ ಗತಿ. ಮಳೆಗಾಲದಲ್ಲಿ ಕಡಲು ಕೆರಳಿದರೆ ಅದೂ ಇಲ್ಲ. ದಕ್ಷಿಣಕ್ಕೆ ಅಂಕೋಲೆಯನ್ನು ದಾಟಿ ಮುಂದೆ ಹೋಗಬೇಕಾದರೆ ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ದೋಣಿಯಿಂದಲೇ ದಾಟಬೇಕು. ಮನೆಮನೆಗಳಲ್ಲಿ ಕೊಂಕಣಿ, ಪೇಟೆ ಕಚೇರಿಗಳಲ್ಲಿ ಕನ್ನಡ. ಬಂಗಾಲಿಯನ್ನು ಆಡುವವರು ಜಡ್ಜರ ಮನೆಯವರನ್ನು ಬಿಟ್ಟರೆ ಯಾರಿದ್ದಾರು? ಇಂಥ ಊರಿನಲ್ಲಿ ಹತ್ತು ಹನ್ನೊಂದರ ಪ್ರಾಯದ ಮಕ್ಕಳ ಸಂಸಾರ. ಅದರ ಮೇಲೆ ನೆಂಟರಿಷ್ಟರು: ಮೈದುನ ಜ್ಯೋತಿರಿಂದ್ರನಾಥರು, ಅವರ ಪತ್ನಿ ಕಾದಂಬರೀದೇವಿ, ಜೊತೆಗೆ ರವೀಂದ್ರನಾಥರು.

ಆ ದಿನಗಳಲ್ಲಿ ಅರ್ಧಚಂದ್ರಾಕಾರದ ಕೊಲ್ಲಿ, ದಂಡೆಯ ಗಾಳಿಮರಗಳ ತೋಪು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯ ವಿಹಾರ, ದಡದ ಒಕ್ಕಲಿಗನೊಬ್ಬನ ಅಂಗಳದಲ್ಲಿ ದೊರೆತ ಊಟದ ಆತಿಥ್ಯ, ಇವೆಲ್ಲ ಕವಿಗಳ ಸ್ಮೃತಿಯಲ್ಲಿ ಅಚ್ಚೊತ್ತಿ ನಿಂತವು. ಪ್ರಕೃತಿಯ ಪ್ರತಿಶೋಧವೆಂಬ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ. ಲೋಕದ ಬಂಧನವನ್ನೆಲ್ಲ ಹರಿದೆನೆಂದು ಬೀಗುವ ಸಂನ್ಯಾಸಿಯನ್ನು ಒಬ್ಬ ಅನಾಥ ಬಾಲಿಕೆಯ ಮಮತೆಯು ಮತ್ತೆ ಲೋಕಕ್ಕೆ ಎಳೆದು ತರುವದೇ ಅದರ ವಸ್ತು. ಮಕ್ಕಳು ಓಡಾಡುವ ಮನೆಯಲ್ಲಿ ಕುಳಿತು ಇಂಥ ಕೃತಿಯನ್ನು ರಚಿಸಿದ್ದು ಸಹಜವೇ ಆಗಿ ತೋರುವದು. ಆತ್ಮಚರಿತ್ರೆಯಲ್ಲಿ ಕವಿಗಳು ಮಾಡಿದ ಕಾರವಾರದ ವರ್ಣನೆಯನ್ನು ಇಂಗ್ಲಿಷಿಗೆ ತಂದು ಜಗತ್ತಿಗೆ ಮುಟ್ಟಿಸಿದವರೂ ಮತ್ತಾರೂ ಅಲ್ಲ, ಜಡ್ಜರ ಮಗನಾದ ಸುರೇಂದ್ರನಾಥರೇ.

ಕಾರವಾರದಿಂದ ಹಿಂದಿರುಗಿದ ಮೇಲೆ ದೇವಿಯವರು ತಮ್ಮ ತವರಿನ ಜೆಸೋರ ಸೀಮೆಗೆ ಹೋಗಿ ರವೀಂದ್ರನಾಥರಿಗೆ ವಧುವನ್ನು ಹುಡುಕುವ ಕಾರ್ಯದಲ್ಲಿ ಮುಂದಾದರು. ಅದೇ ವರ್ಷದ ದಶಂಬರದಲ್ಲಿ ಲಗ್ನವಾಯಿತು. ಹಳ್ಳಿಯಿಂದ ಬಂದ ಎಳೆಯ ವಧು ಮೃಣಾಲಿನೀದೇವಿಯನ್ನು ತಮ್ಮ ಮನೆಯಲ್ಲಿರಿಸಿಕೊಂಡು ಓದಿಸಿದರು. ತಾವು ಒಂಟಿಯಾಗಿ ಅನುಭವಿಸಿದ ಹೊಸಬರ ಕಳವಳವನ್ನು ಇನ್ನೊಬ್ಬಳು ಒಂಟಿಯಾಗಿ ಅನುಭವಿಸಬಾರದೆಂಬ ಕಾಳಜಿಯು ಇದರಲ್ಲಿ ಕಾಣುವದು.

ಮಕ್ಕಳ ವಿದ್ಯೆಯ ಪ್ರಶ್ನೆಯನ್ನು ಅವರು ಕಠಿಣವಾದ ರೀತಿಯಿಂದ ಬಿಡಿಸಿದರು. ಗಂಡನ ಹಿಂದೆ ಜಿಲ್ಲೆ ಜಿಲ್ಲೆ ತಿರುಗಿದರೆ ಮಕ್ಕಳ ಪಾಠ ಕೆಡುವದು. ಒಂದೆಡೆ ನಿಂತರೆ ಸಂಸಾರವು ಎರಡಾಗುವದು. ದೇವಿಯವರು ಕಲಕತ್ತೆಯಲ್ಲಿ ಬೇರೆ ಮನೆ ಮಾಡಿ ಮಕ್ಕಳನ್ನು ಓದಿಸಿದರು. ಸತ್ಯೇಂದ್ರನಾಥರು ಮುಂಬಯಿ ಇಲಾಖೆಯಲ್ಲಿಯೇ ಸೇವೆ ಮುಂದುವರಿಸಿ 1897ರಲ್ಲಿ ನಿವೃತ್ತರಾದರು. ಫಲವು ವ್ಯರ್ಥವಾಗಲಿಲ್ಲ. ಇಂದಿರಾದೇವಿಯವರು 1892ರಲ್ಲಿ ಕಲಕತ್ತೆ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಪಡೆದರು. ಅಷ್ಟರೊಳಗೆ ತಾಯಿಯು 1885ರಲ್ಲಿ ಬಾಲಕವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ಮನೆಯ ಮಕ್ಕಳಿಗೆ ಬರೆಯಲು ಒಂದು ಅಂಗಳವನ್ನು ನಿರ್ಮಿಸಿದ್ದರು. ಅದು ಒಂದು ವರ್ಷ ನಡೆದು ಭಾರತೀ ಪತ್ರಿಕೆಯಲ್ಲಿ ಸೇರಿಹೋಯಿತಾದರೂ ರವೀಂದ್ರನಾಥರ ರಾಜರ್ಷಿಯಂಥ ಕಾದಂಬರಿಗೆ ಹುಟ್ಟುನೆಲೆಯಾಯಿತು.

1923ರಲ್ಲಿ ಪತಿಯನ್ನೂ, 1940ರಲ್ಲಿ ಸುರೇಂದ್ರನಾಥರನ್ನೂ, 1941ರ ಆಗಸ್ಟದಲ್ಲಿ ತಾವೇ ಸಲಹಿದ ಮೈದುನ ರವೀಂದ್ರನಾಥರನ್ನೂ ಕಳೆದುಕೊಂಡ ದೇವಿಯವರು ಅದೇ ವರ್ಷದ ಅಕ್ಟೋಬರ 1ರಂದು ತಮ್ಮ 91ನೆಯ ವಯಸ್ಸಿನಲ್ಲಿ ದೇಹವಿಟ್ಟರು.

ಅವರ ಚರಿತ್ರೆಯು ಕೇವಲ ಹಿಂದಿನ ಮಾತಲ್ಲ. ಕಾರವಾರ, ಅಂಕೋಲೆಗಳ ಜನರು ಸ್ಥಳಾಂತರವೆಂದರೇನೆಂಬದನ್ನು ಚನ್ನಾಗಿ ಬಲ್ಲರು. ಸೀಬರ್ಡ್ ನೌಕಾನೆಲೆಗಾಗಿ ಈ ಎರಡೂ ತಾಲೂಕುಗಳ ಕಡಲಂಚಿನ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಮಕ್ಕಳು ಮರಿಗಳೊಡನೆ ಏಳಬೇಕಾಯಿತು. 1986ರಲ್ಲಿ ಅಡಿಗಲ್ಲು ಬಿದ್ದು 2005ರಲ್ಲಿ ಕದಂಬ ನೌಕಾನೆಲೆಯು ಕಾರ್ಯಾರಂಭ ಮಾಡಿತು; ಭೂಮಿಯ ಬೆಲೆಗಾಗಿ ಒಕ್ಕಲುಗಳು ವರ್ಷಗಟ್ಟಲೆ ನ್ಯಾಯಾಲಯಗಳನ್ನು ಅಲೆದರು. ದೇಶರಕ್ಷಣೆಗಾಗಿ ಮನೆ ಬಿಟ್ಟವರು ಅವರು. ಅದೇ ನೌಕಾನೆಲೆಗೆ ಈಗ ದೇಶದ ನಾನಾ ಮೂಲೆಗಳಿಂದ ಸಂಸಾರಗಳು ಬಂದಿಳಿಯುತ್ತವೆ. ಎದ್ದು ಹೋದವಳೂ ತಾಯಿ, ಬಂದಿಳಿದವಳೂ ತಾಯಿ.

ಹುಕುಮುಗಳನ್ನು ಬರೆಯುವ ಅಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ವರ್ಗಾವಣೆಯು ಶಾಲೆಯ ವರ್ಷದ ನಡುವೆ ಬೀಳದಂತೆ ನೋಡಲಿ; ಹೊಸ ವಸತಿಯಲ್ಲಿ ಮನೆಗಿಂತ ಮೊದಲು ಶಾಲೆಯೂ ದವಾಖಾನೆಯೂ ನಿಲ್ಲಲಿ. ನಾಗರಿಕರಲ್ಲಿಯೂ ಒಂದು ವಿನಂತಿ. ನೆರೆಮನೆಗೆ ಹೊಸ ಸಂಸಾರವು ಬಂದಿಳಿದ ದಿನ ಅಲ್ಲಿಗೆ ಹೋಗಿ ಹಾಲಿನವನ ಮನೆಯನ್ನೂ ವೈದ್ಯರ ಮನೆಯನ್ನೂ ತೋರಿಸಿ ಬರುವದು ಸಣ್ಣ ಕೆಲಸವಲ್ಲ. ಮುಂಬಯಿಯ ಒಂದು ಪಾರಸೀ ಮನೆಯು ಹದಿನಾಲ್ಕು ವರ್ಷದ ಪರಕೀಯ ಹುಡುಗಿಗೆ ಅಷ್ಟನ್ನು ಮಾಡಿತು. ಅದರ ಫಲವನ್ನು ಇಡೀ ದೇಶವು ಉಂಡಿತು.