ಅದು ಶಾಪ ಅಲ್ಲ

ಆಲ್ಬ್ರೆಕ್ಟ್ ಫಾನ್ ಗ್ರೇಫೆ ಹುಟ್ಟಿದ್ದು 1828ರಲ್ಲಿ, ಬರ್ಲಿನ್‌ನಲ್ಲಿ, ಸರ್ಜನ್ ಒಬ್ಬರ ಮಗನಾಗಿ. ದೊಡ್ಡ ಕಣ್ಣಿನ ಡಾಕ್ಟರ್ ಆದರು. 1858ರಲ್ಲಿ ಒಬ್ಬ ಕಿವುಡ ರೋಗಿಯ ಬಗ್ಗೆ ಬರೆದರು: ಅವನ ರೆಟಿನಾ ಹಾಳಾಗ್ತಾ ಇತ್ತು, ಇಬ್ಬರು ಸಹೋದರರಿಗೂ ಅದೇ ತೊಂದರೆ. 1870ರಲ್ಲಿ, ಬರೀ 42ನೇ ವಯಸ್ಸಲ್ಲಿ, ಗ್ರೇಫೆ ತೀರಿಕೊಂಡರು.

ಆ ಕಾಯಿಲೆಗೆ ಈಗ ಅಷರ್ ಸಿಂಡ್ರೋಮ್ ಅಂತಾರೆ. ತಂದೆತಾಯಿ ಇಬ್ಬರೂ ಆರೋಗ್ಯವಾಗೇ ಇರ್ತಾರೆ. ಆದರೆ ಇಬ್ಬರಲ್ಲೂ ಒಂದೇ ಜೀನ್‌ನ ಒಂದು ಪ್ರತಿ ಕೆಟ್ಟಿರುತ್ತೆ. ಪ್ರತಿ ಮಗುವಿಗೂ ಬರೋ ಸಾಧ್ಯತೆ 4ರಲ್ಲಿ 1.

ಇಂಥ ಮಗುವಿನ ತಾಯಿಗೆ ನಾನೊಮ್ಮೆ, ಮನೆತನದ ಶಾಪ ಇರಬಹುದು ಅಂದುಬಿಟ್ಟೆ. ಆಕೆ ಅತ್ತರು. ಗ್ರೇಫೆ ಕಣ್ಣೊಳಗೆ ನೋಡಿದರು. ನಾನು ತಪ್ಪು ಹುಡುಕಿದೆ. ಆಮೇಲೆ ಹೋಗಿ ಕ್ಷಮೆ ಕೇಳಿದೆ. ಕಿವಿ ಕೇಳದ ಮಗು ಕತ್ತಲಲ್ಲಿ ಎಡವ್ತಾ ಇದ್ದರೆ ಪ್ರಾರ್ಥಿಸಿ, ಕಣ್ಣಿನ ಡಾಕ್ಟರ್ ಹತ್ರಾನೂ ಕರ್ಕೊಂಡು ಹೋಗಿ.