ಕಣಗಿನಹಾಳದ ಸಿದ್ದನಗೌಡರು

ನಮ್ಮ ಬುಕ್ಕಾಪಟ್ಟಣದ ಸೊಸೈಟಿಗೆ ಇಪ್ಪತ್ತೈದು ವರ್ಷ ತುಂಬಿದ ಈ ಸುಸಂದರ್ಭದಲ್ಲಿ ಸಹಕಾರಿ ಪಿತಾಮಹ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರನ್ನು ನೆನೆಯದಿದ್ದರೆ ಆದೀತೇ?

ಗೌಡರು ಜನಿಸಿದ್ದು 1843ರಲ್ಲಿ. ಊರು ಗದಗ ಸಮೀಪದ ಕಣಗಿನಹಾಳ. ಆಗ ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ನಮ್ಮ ಶಿರಾ ಸೀಮೆಯ ಹಾಗೇ ಮಳೆ ನಂಬಿ ಬದುಕುವ ನಾಡು. ನಮ್ಮದು ಕಡಲೇಕಾಯಿ, ರಾಗಿ. ಅವರದು ಎರೆಹೊಲದ ಹತ್ತಿ, ಜೋಳ.

ಗೌಡರಿಗೆ ಮೂವತ್ಮೂರು ವರ್ಷವಾಗಿದ್ದಾಗ, 1876ರಲ್ಲಿ, ದೊಡ್ಡ ಬರ ಬಂತು. ನಮ್ಮ ಹಿರಿಯರು ಧಾತು ಬರ ಅಂತಿದ್ದರಲ್ಲ, ಅದೇ. ಶತಮಾನ ಮುಗಿಯುವ ಹೊತ್ತಿಗೆ ಆ ಪ್ರಾಂತ್ಯಕ್ಕೆ ಪ್ಲೇಗು ಬೇರೆ ಅಮರಿಕೊಂಡಿತು. ಬೀಜಕ್ಕೆ ಸಾಲ, ಎತ್ತಿಗೆ ಸಾಲ, ಕಂದಾಯಕ್ಕೂ ಸಾಲ. ರೈತನಿಗೆ ಸಾವ್ಕಾರನ ಬಾಗಿಲು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಇದೇ ಸಂಕಟಕ್ಕೆ 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ರೈತರು ರೊಚ್ಚಿಗೆದ್ದು ಸಾವ್ಕಾರರ ಸಾಲಪತ್ರಗಳನ್ನು ಕಿತ್ತು ಸುಟ್ಟಿದ್ದುಂಟು. ಪತ್ರ ಸುಟ್ಟವು, ಸಾಲ ಮಾತ್ರ ಹೋಗಲಿಲ್ಲ.

1904ರಲ್ಲಿ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಒಂದೇ ಊರಿನ ಹತ್ತು ಜನ ಸೇರಿದರೂ ಸಂಘ ಮಾಡಿಕೊಳ್ಳಬಹುದು. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯರು ಬಡರೈತರಿಗಾಗಿ ಹಾಕಿಕೊಟ್ಟ ದಾರಿಯೇ ಇದಕ್ಕೆ ಮಾದರಿ. ಆದರೆ ಹಳ್ಳಿಯ ಸಂಘಗಳಿಗೆ ಒಂದು ಷರತ್ತಿತ್ತು, ಎದೆ ನಡುಗಿಸುವಂಥದು: ಹೊಣೆಗೆ ಮಿತಿಯಿಲ್ಲ. ಸಂಘ ಮುಳುಗಿದರೆ ಅದರ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯಿಂದಲೇ ಜವಾಬು ಕೊಡಬೇಕು. ಈಗ ಸಾಲಕ್ಕೆ ಇಬ್ಬರು ಜಾಮೀನುದಾರರು ಸಿಗೋದೇ ಎಷ್ಟು ಕಷ್ಟ ಅಂತ ನಿಮಗೇ ಗೊತ್ತು!

ಇಂಥ ಷರತ್ತಿಗೆ ಒಪ್ಪಿ, 1905ರಲ್ಲಿ ಗೌಡರು ಮುಂದೆ ನಿಂತು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿಸಿದರು. ಭಾರತದ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲಿ ಅದೂ ಒಂದು. ಆಗ ಅವರ ವಯಸ್ಸು ಅರವತ್ತೆರಡು. ಇನ್ನೇನು ಜಗಲಿ ಮೇಲೆ ಕೂತು ಮೊಮ್ಮಕ್ಕಳನ್ನು ಆಡಿಸೋಣ ಅನ್ನುವ ವಯಸ್ಸು. ಬರ ಕಣ್ಣಾರೆ ಕಂಡ ತಲೆಮಾರಿನವರೇ ಪಕ್ಕದ ಹೊಲದವನ ನಾಳಿನ ಬೆಳೆ ನಂಬಿ ತಮ್ಮ ಹೊಲಮನೆಯನ್ನು ಹೊಣೆಗೆ ಒಡ್ಡಿದರು. ಮಳೆ ಬರುತ್ತೆ ಅಂತ ಯಾರು ಬೇಕಾದರೂ ಅಂದುಕೊಳ್ಳಬಹುದು. ಅದಕ್ಕಾಗಿ ಕಾಗದಕ್ಕೆ ರುಜು ಹಾಕುವ ಭರವಸೆ ದೊಡ್ಡದು ಎಂದು ನನ್ನ ಅನಿಸಿಕೆ.

ಅದೇ 1905ರಲ್ಲಿ ನಮ್ಮ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾಯಿದೆ ಮಾಡಿತು. ಈ ಕಡೆಯ ಹಳ್ಳಿಗಳಿಗೆ ಸೊಸೈಟಿ ಬಂದದ್ದು ಆ ದಾರಿಯಿಂದ. 1912ರ ಹೊಸ ಕಾಯಿದೆ ಪತ್ತಿನದಲ್ಲದ ಸಂಘಗಳಿಗೂ ಬಾಗಿಲು ತೆರೆಯಿತು.

ಇದನ್ನೆಲ್ಲ ನೋಡುವ ಭಾಗ್ಯ ಗೌಡರಿಗಿತ್ತು. ಸಂಘ ಹುಟ್ಟಿದ ಮೇಲೆ ಇನ್ನೂ ಇಪ್ಪತ್ತೆಂಟು ವರ್ಷ ಬಾಳಿ, 1933ರಲ್ಲಿ, ತೊಂಬತ್ತರ ತುಂಬು ಪ್ರಾಯದಲ್ಲಿ ಅವರು ಕಾಲವಾದರು.